ಬಿಲ್ಲೆಯಿಲ್ಲದ ಭಾವ

ದೇವರು ಮನುಷ್ಯನಿಗೆ ಹತ್ತು ಬೆರಳು ಕೊಟ್ಟಿರುವುದು ಸತ್ಯವನ್ನು ಎತ್ತಿ ಹಿಡಿಯಲಿಕ್ಕೆ ಎಂದು ಬಲ್ಲವರು ಹೇಳುತ್ತಾರೆ. ಇರಬಹುದು. ನನ್ನ ಹತ್ತನ್ನೂ ನಾನು ಹಾಜರಿ ಬರೆಯಲಿಕ್ಕೂ ನಶ್ಯ ಏರಿಸಲಿಕ್ಕೂ ಬಳಸಿ ಮುಗಿಸಿದೆ.

ಮೊನ್ನೆ ಸೊಸೆ ಒಣ ಅರಿಶಿನದ ಕೊಂಬು ಪುಡಿ ಮಾಡುತ್ತಿದ್ದಳು. ಆ ಘಾಟು ಮೂಗಿಗೆ ಬಡಿದದ್ದೇ ತಡ, ಭಾವ ನೆನಪಾದ.

ನನ್ನ ಭಾವನಲ್ಲ. ತೊಂಬತ್ತರ ದಶಕದಲ್ಲಿ ನಾನು ಚಾಮರಾಜನಗರದಲ್ಲಿ, ಗುಂಡ್ಲುಪೇಟೆ ರಸ್ತೆಯ ಒಂದು ಅರಿಶಿನದ ಗೋಡೌನಿನಲ್ಲಿ ರೈಟರಾಗಿದ್ದೆ. ಮೂಟೆ ಹೊರುವ ಹಮಾಲರಿಗೆ ತಲೆಗೊಂದು ನಂಬರಿನ ಹಿತ್ತಾಳೆ ಬಿಲ್ಲೆ. ಬಿಲ್ಲೆ ಇದ್ದವನಿಗೆ ಕೆಲಸ, ಎರಡು ದಿನ ತಪ್ಪಿಸಿದರೆ ಬಿಲ್ಲೆ ವಾಪಸ್ಸು. ಹಾಗಾಗಿ ಬರಲಾಗದ ದಿನ ಮನೆಯವರಲ್ಲೇ ಒಬ್ಬನ ಕೈಗೆ ಬಿಲ್ಲೆ ಕೊಟ್ಟು ಕಳಿಸುವುದು ರೂಢಿ. ನಾನು ಮುಖ ನೋಡುತ್ತಿರಲಿಲ್ಲ. ನಂಬರು ನೋಡಿ ಹಾಜರಿ ಹಾಕುತ್ತಿದ್ದೆ.

ಹದಿನೇಳನೆಯ ನಂಬರು ಉಮ್ಮತ್ತೂರಿನವನೊಬ್ಬನದು. ಅವನ ಅಕ್ಕನ ಗಂಡನೇ ಈ ಭಾವ. ತಿಂಗಳಲ್ಲಿ ಹತ್ತು ದಿನ ಬದಲಿಗೆ ಬರುತ್ತಿದ್ದ. ಗೋಡೌನೆಲ್ಲ ಭಾವ ಎಂದಿತು, ನಾನೂ ಎಂದೆ. ಅವನ ಹೆಸರು ಬರೆಯುವ ಪ್ರಸಂಗವೇ ನನಗೆ ಬರಲಿಲ್ಲ.

"ನಿಂಗೊಂದು ಸ್ವಂತ ಬಿಲ್ಲೆ ಬ್ಯಾಡ್ವೇನ್ಲಾ ಭಾವ?" ಎಂದು ಯಾರಾದರೂ ಕೆಣಕಿದರೆ, "ಮಾವ ವರದಕ್ಷಿಣೆ ಕೊಡ್ನಿಲ್ಲ ಕಣ್ಲಾ, ಇಂಗಾದ್ರೂ ವಸೂಲ್ ಮಾಡ್ಕತಿನಿ ಬುಡು," ಎನ್ನುತ್ತಿದ್ದ.

ಒಂದು ದಿನ ಭಾಮೈದ ಕುದೇರಿಗೆ ಹೆಣ್ಣು ನೋಡಲು ಹೋಗಿದ್ದ. ಈರೋಡಿಗೆ ಹೋಗುವ ಲಾರಿ ಹಿಮ್ಮುಖವಾಗಿ ಬಂದು ಗೋಡೌನಿನ ಕಟ್ಟೆಗೆ ನಿಲ್ಲುವುದರಲ್ಲಿತ್ತು. ನಡುವೆ ಹಲಗೆ ಹಾಸಲು ಭಾವ ಬಗ್ಗಿದ್ದ. ಲಾರಿ ಒಂದು ಗೇಣು ಹೆಚ್ಚು ಬಂತು. ಬಲಗೈಯ ಮೂರು ಬೆರಳು... ಎರಡು ಜಜ್ಜಿ ನೇತಾಡಿದವು, ಒಂದು ಕೆಳಗೆ ಬಿತ್ತು. ನಾನೇ ಹೆಕ್ಕಿ, ನನ್ನ ಕರ್ಚೀಫಿನಲ್ಲಿ ಸುತ್ತಿ, ಅವನ ಜೇಬಿಗಿಟ್ಟೆ. ಗೋಡೌನಿನ ಸಾಹುಕಾರರು ದಯಾಳು, ಒಂದು ಹಿಡಿ ಅರಿಶಿನ ತರಿಸಿ ಗಾಯಕ್ಕೆ ಒತ್ತಿಸಿದರು. ಲಾರಿ ತುಂಬಿ ಹೊರಟ ಮೇಲೆ ಆಸ್ಪತ್ರೆಗೂ ಕಳಿಸಿದರು. ಅಲ್ಲಿ ನೇತಾಡುತ್ತಿದ್ದ ಎರಡನ್ನೂ ಕತ್ತರಿಸಿದರು.

ಕೆಲಸದಲ್ಲಿ ಕೈ ಕಳೆದುಕೊಂಡವನಿಗೆ ಮಾಲೀಕ ಪರಿಹಾರ ಕೊಡಬೇಕೆಂಬ ಕಾನೂನುಂಟು ಎಂದು ಯಾರೋ ವಕೀಲರು ಹೇಳಿದರಂತೆ. ಭಾವ ಲೇಬರ್ ಆಫೀಸಿಗೆ ಅರ್ಜಿ ಹಾಕಿದ. ವಿಚಾರಣೆಯ ಹಿಂದಿನ ದಿನ ಸಾಹುಕಾರರು ಭಾಮೈದನನ್ನೂ ನನ್ನನ್ನೂ ಕರೆದು ಕಾಫಿ ತರಿಸಿದರು.

"ಇನ್ನೊಬ್ಬನ್ಗೆ ಬಿಲ್ಲೆ ಕೊಟ್ಟಿದ್ದೆ ಅಂತ ಬಾಯ್ಬುಟ್ರೆ ನಿನ್ ಬಿಲ್ಲೆ ಓಯ್ತದೆ ಕಣ್ಲಾ. ಲಗ್ನ ಬ್ಯಾರೆ ಗೊತ್ತಾಗ್ಯದೆ," ಎಂದರು ಅವನಿಗೆ. ನನಗೇನೂ ಹೇಳಲಿಲ್ಲ. ಇನ್ನೊಂದು ಕಾಫಿ ತರಿಸಿದರು, ಅಷ್ಟೆ.

ಮಾರನೆಯ ದಿನ ಅಧಿಕಾರಿ ರಿಜಿಸ್ಟರು ತೆರೆದು, "ಹದಿನೇಳನೇ ನಂಬರು ಯಾರ್ರೀ? ಕೈ ತೋರಿಸಿ," ಎಂದರು. ಭಾಮೈದ ಎದ್ದು ಎರಡೂ ಕೈ ಚಾಚಿದ. ಹತ್ತೂ ಬೆರಳಿದ್ದವು, ಒಂದರಲ್ಲಿ ಹೊಸ ಉಂಗುರ.

"ಆ ದಿನ ಕೆಲಸದಲ್ಲಿ ಇದ್ದೆಯಾ?"

"ಇದ್ದೆ ಸ್ವಾಮಿ."

"ಅಬ್ಬಬ್ಬಾ," ಎಂದ ಭಾವ. "ಕುದೇರಲ್ಲಿ ಉಪ್ಪಿಟ್ಟು ತಿನ್ಕಂಡೇ ಇಲ್ಲಿ ಮೂಟೆ ಎತ್ತಿದ್ಯೇನ್ಲಾ?" ಆಮೇಲೆ ನನ್ನ ಕಡೆ ತಿರುಗಿದ. "ರೈಟ್ರೇ, ನೀವಾದ್ರೂ ನಿಜ ಏಳಿ. ನನ್ ಬೆರಳ ಕರ್ಚೀಪಲ್ಲಿ ಸುತ್ಕೊಟ್ಟೋರು ನೀವೇ ಅಲ್ವಾ?"

ನಾನು ಗಂಟಲು ಸರಿಮಾಡಿಕೊಂಡು, ಶಾಸನ ಓದುವವನ ಗಾಂಭೀರ್ಯದಿಂದ, "ರಿಜಿಸ್ಟರು ಸರಿಯಾಗಿದೆ ಸಾರ್," ಎಂದೆ. ಕರ್ಚೀಫಿಗೆ ಅದರಲ್ಲಿ ಕಾಲಂ ಇರಲಿಲ್ಲ.

ಭಾವ ಬೈಯುತ್ತಾನೆಂದುಕೊಂಡೆ. "ಅದ್ನ ಒಗ್ದು ಮಡಗಿವ್ನಿ," ಎಂದ. "ಕಳಿಸ್ಕೊಡ್ತೀನಿ ಬುಡಿ." ಬೈದಿದ್ದರೆ ಚೆನ್ನಾಗಿತ್ತು...

ಗೋಡೌನಿದ್ದ ಜಾಗದಲ್ಲಿ ಈಗ ಟೈಲ್ಸ್ ಅಂಗಡಿ. ಹೋದ ವರ್ಷ ಬಸ್ ಸ್ಟ್ಯಾಂಡಿನಲ್ಲಿ ಉಮ್ಮತ್ತೂರಿನವರೊಬ್ಬರು ಸಿಕ್ಕಿ, ಭಾವ ತೀರಿಕೊಂಡು ಬಹಳ ದಿನವಾಯಿತೆಂದರು. ಅವನಿಗೆ ಹೇಳಬೇಕಾದ ಮಾತೊಂದು ನನ್ನಲ್ಲಿತ್ತು. ಹೇಳಲು ವರ್ಷಗಟ್ಟಲೆ ಸಮಯವಿತ್ತು, ಉಮ್ಮತ್ತೂರಿಗೆ ಬೇಕಾದಷ್ಟು ಬಸ್ಸೂ ಇದ್ದವು. ಹೋಗಲಿಲ್ಲ.

ಅಪಘಾತದ ದಿನ ಅರ್ಜಿದಾರ ಕೆಲಸದ ಮೇಲಿರಲಿಲ್ಲವೆಂದು ತೀರ್ಮಾನಿಸಿ ಅರ್ಜಿಯನ್ನು ವಜಾ ಮಾಡಲಾಯಿತು.