ಮಾಜಿ ಮಂತ್ರಿಯ ಟೋಸ್ಟು

ನನ್ನ ಗಂಡ ಸ್ವಲ್ಪ ಕಾಲ ಮಂತ್ರಿ ಆಗಿದ್ದರು. ಎಷ್ಟು ಸ್ವಲ್ಪ ಅಂದರೆ, ಬೆಂಗಳೂರಿನ ಸರ್ಕಾರಿ ಮನೆಗೆಂದು ನಾನು ಪರದೆ ಹೊಲಿಸಿ ಮುಗಿಯುವಷ್ಟರಲ್ಲಿ ಸರ್ಕಾರ ಬಿದ್ದಿತ್ತು. ಆ ಪರದೆಯನ್ನು ಕೊಡಿಯಾಲ್‌ಬೈಲಿನ ನಮ್ಮ ಮನೆ ಕಿಟಕಿಗೇ ಹಾಕಿದೆ. ಉದ್ದ ಜಾಸ್ತಿ ಆಗಿ ನೆಲ ಗುಡಿಸುತ್ತಿತ್ತು. ಕುರ್ಚಿ ಹೋದರೂ ಹೆಸರು ಹೋಗಲಿಲ್ಲ. ಮೀನಿನವಳು ಕೂಡ "ಮಂತ್ರಿಗಳಿಗೆ ಬಂಗುಡೆ ಬೇಡವಾ?" ಅಂತಲೇ ಕೇಳುವುದು. ಈಗ ಅವರು ತೀರಿಕೊಂಡಿದ್ದಾರೆ. ಎಲ್ಲರೂ ಅವರ ದೊಡ್ಡ ದೊಡ್ಡ ಕೆಲಸದ ಬಗ್ಗೆ ಹೇಳುತ್ತಾರೆ. ಕೊನೆಯ ಕೆಲವು ವರ್ಷ ಎಂತ ಆಯಿತು ಅಂತ ಹೇಳಲಿಕ್ಕೆ ನಾನೇ ಆಗಬೇಕು.

ಎಂಬತ್ತು ದಾಟಿದ ಮೇಲೆ ಪಕ್ಷದವರು ಅವರನ್ನು ಮೆಲ್ಲ ಇಳಿಸಿದರು. ವೇದಿಕೆಯ ನಡುವಿನ ಕುರ್ಚಿಯಿಂದ ಮೂಲೆಯ ಕುರ್ಚಿಗೆ, ಅಲ್ಲಿಂದ ಕೆಳಗೆ ಜನರ ನಡುವೆ, ಆಮೇಲೆ ವಾಟ್ಸಾಪಿನಲ್ಲಿ ಕಾರ್ಯಕ್ರಮದ ಫೋಟೋ ಮಾತ್ರ. ಮೈಕು ಸಿಗುವ ಜಾಗ ಅಂತ ಉಳಿದದ್ದು ಮದುವೆ ಒಂದೇ.

ನಮ್ಮ ಕ್ರಿಸ್ತಾನರ ಮದುವೆಯಲ್ಲಿ ಕೇಕು ಕತ್ತರಿಸಿದ ಮೇಲೆ ಯಾರಾದರೂ ಹಿರಿಯರು ಟೋಸ್ಟು ಹೇಳುವ ಕ್ರಮ ಉಂಟು. ಮದುಮಕ್ಕಳ ಬಗ್ಗೆ ನಾಲ್ಕು ಒಳ್ಳೆ ಮಾತು ಹೇಳಿ ವೈನಿನ ಗ್ಲಾಸು ಎತ್ತಬೇಕು. ಎತ್ತಿದ ಕೂಡಲೇ ಬ್ಯಾಂಡಿನವರು ಬಾರಿಸುತ್ತಾರೆ, ಎಲ್ಲರೂ ಕುಡಿಯುತ್ತಾರೆ. ಅಲ್ಲಿಯ ತನಕ ಇಡೀ ಹಾಲ್ ಗ್ಲಾಸು ಹಿಡಿದುಕೊಂಡು ಬಾಯಾರಿ ನಿಲ್ಲಬೇಕು. ಇಂಥ ಕೆಲಸವನ್ನು ಯಾರಾದರೂ ರಾಜಕಾರಣಿಯ ಕೈಗೆ ಕೊಡುತ್ತಾರಾ ಮಾರಾಯ್ರೆ?

ಇವರ ಟೋಸ್ಟು ಎಲ್ಲಿಂದ ಹೊರಟರೂ ಪಣಂಬೂರಿನ ಬಂದರಿಗೆ ಹೋಗಿ ತಲುಪುತ್ತಿತ್ತು. ಮದುಮಗಳು ಹಡಗು, ಮದುಮಗ ಬಂದರು. ಬಂದರು ಬಂದಮೇಲೆ ಅದರ ರಸ್ತೆ ಬರಬೇಕಲ್ಲ. ರಸ್ತೆಗಾಗಿ ತಾನು ವಿಧಾನಸಭೆಯಲ್ಲಿ ಹೇಗೆ ಕೂಗಿದ್ದು, ಎದುರಿನವರು ಹೇಗೆ ಬಾಯಿ ಮುಚ್ಚಿದ್ದು, ಎಲ್ಲ ಬರುತ್ತಿತ್ತು. ಒಂದು ಮದುವೆಯಲ್ಲಿ ನನ್ನ ಗ್ಲಾಸಿಗೆ ನೊಣ ಬಿತ್ತು. ಅದು ಈಜಿತು, ಸುಸ್ತಾಯಿತು, ಸತ್ತಿತು. ರಸ್ತೆಗೆ ಇನ್ನೂ ಡಾಮರು ಬಿದ್ದಿರಲಿಲ್ಲ.

ಹಾಗಿರುವಾಗ ಅವರ ತಂಗಿಯ ಮೊಮ್ಮಗಳಿಗೆ ಮದುವೆ ನಿಶ್ಚಯ ಆಯಿತು. ತಂಗಿ ಬದುಕಿಲ್ಲ. ಟೋಸ್ಟು ತನ್ನದೇ ಅಂತ ಇವರು ದಿನಾ ಬಚ್ಚಲಿನ ಕನ್ನಡಿಗೆ ಭಾಷಣ ಮಾಡಲು ಶುರು ಮಾಡಿದರು. ಮದುಮಗಳ ಅಮ್ಮ ಒಂದು ದಿನ ಮನೆಗೆ ಬಂದು ಅಡಿಗೆ ಕೋಣೆಯಲ್ಲಿ ನನ್ನ ಹತ್ತಿರ ನಿಂತಳು.

"ಮಾಮಿ, ಹೇಗೆ ಹೇಳುವುದು ಅಂತಲೇ ಗೊತ್ತಾಗುವುದಿಲ್ಲ."

"ಬಾಯಿಯಿಂದ ಹೇಳು."

"ಮಾಮನ ಟೋಸ್ಟು ಬೇಡ ಅಂತ ಹುಡುಗನ ಕಡೆಯವರು ಹೇಳ್ತಾರೆ. ಅವರು ಆ ನೊಣದ ಮದುವೆಗೆ ಬಂದಿದ್ದರಂತೆ."

ಒಳಗಿಂದ ಇವರ ಸ್ವರ ಬಂತು. "ಎಂತ ಗುಸುಗುಸು? ಟೋಸ್ಟಿನ ವಿಷಯವಾ? ನಾನು ತಯಾರಿದ್ದೇನೆ ಅಂತ ಹೇಳು!"

ಅವಳು ಕಣ್ಣು ಒರೆಸಿಕೊಂಡಳು. "ಬೇಡ ಅಂತ ನೀವೇ ಹೇಳಿ ಮಾಮಿ."

"ಎಲ್ಲಾ ಕಡೆಯಿಂದ ಇಳಿಸಿ ಆಗಿದೆ, ಇನ್ನು ಇದೊಂದು ಉಂಟು. ಇದೂ ಹೋದರೆ ಆ ಮನುಷ್ಯ ಹಾಸಿಗೆ ಹಿಡಿಯುತ್ತಾರೆ. ಇಲ್ಲದಿದ್ದರೆ ಮನೆಯಲ್ಲಿ ಕೂತು ನನಗೆ ಟೋಸ್ಟು ಹೇಳುತ್ತಾರೆ, ಅದು ಇನ್ನೂ ಕಷ್ಟ. ಅವರೇ ಹೇಳಲಿ. ಗಿಡ್ಡ ಮಾಡುವುದನ್ನು ನನಗೆ ಬಿಡು."

ಮದುವೆ ದಿನ ಕೊಟ್ಟಾರದ ಹಾಲ್‌ನಲ್ಲಿ ನಾನು ಸೀದಾ ಬ್ಯಾಂಡಿನ ಮೇಸ್ತ್ರಿಯ ಹತ್ತಿರ ಹೋದೆ.

"ಟೋಸ್ಟಿಗೆ ನೀನು ಯಾರ ಗ್ಲಾಸು ನೋಡಿ ಬಾರಿಸುವುದು?"

"ಹೇಳುವವರದ್ದು, ಅಮ್ಮಾ."

"ಇವತ್ತು ನನ್ನದು ನೋಡು."

"ಮಂತ್ರಿಗಳು ಬೈದರೆ?"

"ಬೈಗುಳ ಕೇಳಿಸದ ಹಾಗೆ ಜೋರಾಗಿ ಬಾರಿಸು."

ಹಡಗು ಅನ್ನುವ ಶಬ್ದ ಬಂದ ಕೂಡಲೇ ಎತ್ತುವುದು ಅಂತ ನಾನು ಎದುರಿನ ಸಾಲಿನಲ್ಲಿ ಕಾದು ನಿಂತೆ. ಇವರು ಚೆನ್ನಾಗಿಯೇ ಶುರು ಮಾಡಿದರು. ತಂಗಿಯನ್ನು ನೆನೆಸಿದರು, ನಾಲ್ಕು ಹೆಂಗಸರು ಕರ್ಚೀಫು ತೆಗೆದರು. ಆಮೇಲೆ "ಇವತ್ತು ನಮ್ಮ ಪ್ರೀತಿಯ..." ಅಂತ ಹೇಳಿ ನಿಂತರು. ಜನ ಕಾಯಲಿ ಅಂತ ನಿಲ್ಲಿಸುವುದು ಅವರ ಹಳೇ ಅಭ್ಯಾಸ, ಅದೇ ಅಂತ ಎಣಿಸಿದೆ. ಮತ್ತೆ "ನಮ್ಮ ಪ್ರೀತಿಯ..." ಅಂದರು. ಎಡಗೈ ಕೋಟಿನ ಕಿಸೆಯಲ್ಲಿ ಏನೋ ಹುಡುಕುತ್ತಿತ್ತು. ಕಿಸೆಯಲ್ಲಿ ಏನೂ ಇಲ್ಲ, ಕೋಟು ಇಸ್ತ್ರಿ ಹಾಕಿದ್ದು ನಾನು. ಅವರು ಮದುಮಗಳ ಮುಖ ನೋಡಿದರು, ಅವಳು ನಕ್ಕಳು. ಎತ್ತಿ ಆಡಿಸಿದ ಮಗುವಿನ ಹೆಸರು ತಲೆಯಿಂದ ಹೋಗಿಬಿಟ್ಟಿತ್ತು.

ಹಡಗು ಬಂದಿರಲಿಲ್ಲ. ಆದರೂ ನಾನು ಗ್ಲಾಸು ಎತ್ತಿದೆ. ಬ್ಯಾಂಡು ಒಮ್ಮೆಲೇ ಬಡಿಯಿತು, ಎಲ್ಲರೂ ವಿವಾ ಅಂತ ಬೊಬ್ಬೆ ಹಾಕಿ ಕುಡಿದರು. ಇವರೂ ಕುಡಿದರು. ಕೈಯಲ್ಲಿದ್ದ ವೈನನ್ನು ಬಿಡುವ ಜನ ಅಲ್ಲ.

ಹುಡುಗನ ಅಪ್ಪ ಓಡಿ ಬಂದು ಕೈ ಕುಲುಕಿದ. "ಎಷ್ಟು ಗಿಡ್ಡ, ಎಷ್ಟು ಚಂದ! ಎಲ್ಲಿ ನಿಲ್ಲಿಸಬೇಕು ಅಂತ ನಿಮಗೆ ಗೊತ್ತುಂಟು ಸರ್."

"ಅನುಭವ," ಅಂದರು ನನ್ನ ಗಂಡ.

ಅದರ ನಂತರ ನೋಡಬೇಕು. ಗಿಡ್ಡ ಟೋಸ್ಟಿನ ಮಂತ್ರಿ ಅಂತ ಹೆಸರಾಗಿ, ಪರಿಚಯ ಇಲ್ಲದವರೂ ಕರೆಯಲು ಬಂದರು. ನಾನು ಗಂಟು ನೋವಿನ ಕಾಲು ಎಳೆದುಕೊಂಡು ಎಲ್ಲಾ ಮದುವೆಗೂ ಹೋದೆ. ಮನೆಯಲ್ಲಿ ಅವರು ನನ್ನನ್ನು ತಂಗಿಯ ಹೆಸರಿನಲ್ಲಿ ಕರೆಯುತ್ತಿದ್ದರು, ಸರ್ಕಾರಿ ಕಾರು ಬಂತಾ ಅಂತ ಕೇಳುತ್ತಿದ್ದರು. "ಸರ್ಕಾರ ಬಿತ್ತು, ಗಂಜಿ ಉಣ್ಣಿ" ಅನ್ನುತ್ತಿದ್ದೆ. ಉಣ್ಣುತ್ತಿದ್ದರು. ಆದರೆ ಕೋಟು ಹಾಕಿದರೆ ಬೆನ್ನು ನೇರ ಆಗುತ್ತಿತ್ತು. ಮಾತು ಎಲ್ಲಿ ಸಿಕ್ಕಿಕೊಳ್ಳುತ್ತದೋ ಅಲ್ಲಿ ನಾನು ಗ್ಲಾಸು ಎತ್ತುವುದು. ಗೊತ್ತಿದ್ದದ್ದು ನನಗೆ ಮತ್ತು ಬ್ಯಾಂಡಿನವರಿಗೆ ಮಾತ್ರ ಅಂತ ತಿಳಿದಿದ್ದೆ.

ಒಂದು ಮದುವೆಯಿಂದ ರಿಕ್ಷಾದಲ್ಲಿ ಬರುವಾಗ ಅವರು ಮುಖ ದಪ್ಪ ಮಾಡಿ ಕೂತಿದ್ದರು.

"ಇವತ್ತು ಯಾಕೆ ಅಷ್ಟು ತಡ ಮಾಡಿದ್ದು?"

"ಎಂತ ತಡ?"

"ಗ್ಲಾಸು ಎತ್ತಲಿಕ್ಕೆ."

ನಾನು ರಿಕ್ಷಾದ ಕಂಬಿ ಬಿಟ್ಟು ಅವರ ಕಡೆ ತಿರುಗಿದೆ.

"ನೀವು ಯಾವಾಗಿಂದ..."

"ನಾನು ಮಂತ್ರಿ ಆಗಿದ್ದವನು. ನನ್ನನ್ನು ಯಾರು ಇಳಿಸುತ್ತಾರೆ ಅಂತ ನನಗೆ ಗೊತ್ತಾಗುವುದಿಲ್ಲವಾ?" ಕೋಟಿನ ಗುಂಡಿ ಬಿಚ್ಚಿದರು. "ಕಂಬದ ಹಿಂದೆ ಹೋಗಿ ಯಾಕೆ ಕೂತದ್ದು ನೀನು? ನಾನು ಅಲ್ಲಿ ಯಾರನ್ನು ನೋಡುವುದು?"

ಕಂಬದ ಹಿಂದೆ ಫ್ಯಾನು ಇತ್ತು, ಅದಕ್ಕೆ ಕೂತದ್ದು. ಮುಂದಿನ ಮದುವೆಯಿಂದ ಫ್ಯಾನು ಬಿಟ್ಟು ಎದುರಿಗೇ ಕೂತು ಬೆವರಿದೆ.