ತೋಳಿನ ಎರಡನೇ ಪಟ್ಟಿ

ತಂಗಿ ನೌಕಾಪಡೆಯಲ್ಲಿ ಆಫೀಸರಾದಾಗ ಶೃಂಗೇರಿಯ ನಮ್ಮ ಮನೆಯಲ್ಲಿ ಅಜ್ಜಿಯೊಬ್ಬಳನ್ನು ಬಿಟ್ಟು ಎಲ್ಲರಿಗೂ ಹೆಮ್ಮೆ. ಅಜ್ಜಿಯ ಪ್ರಕಾರ ಅವಳು ಕಂಡಕಂಡವರ ಕೈಯಲ್ಲಿ ಉಂಡು ಸಮುದ್ರದ ಪಾಲಾದ ಹುಡುಗಿ. ಅವಳ ಕೆಲಸ ಕೊಚ್ಚಿಯ ದಡದಲ್ಲೇ, ಕುರ್ಚಿ ಮೇಜಿನ ಮುಂದೆ ಎಂದು ನಾನು ಎಷ್ಟು ಹೇಳಿದರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಚಿಕ್ಕಂದಿನಲ್ಲಿ ಅಜ್ಜಿಯ ಮಗ್ಗುಲು ಬಿಟ್ಟು ಮಲಗದವಳು ಈ ತಂಗಿ. ಈಗ ಅವಳು ರಜೆಗೆ ಬಂದರೆ ಸಾಕು, ಅಜ್ಜಿ ದಿನವಿಡೀ ಮಡಿಯಲ್ಲಿರುತ್ತಿದ್ದಳು. ಮಡಿಯಲ್ಲಿದ್ದವರನ್ನು ಮುಟ್ಟುವಂತಿಲ್ಲವಲ್ಲ! ತಂಗಿ ಕಾಲಿಗೆ ಬೀಳಲು ಬಂದರೆ, "ದೂರ, ದೂರ." ಅದು ಮಡಿಯಲ್ಲ, ಮುನಿಸು ಎಂದು ಎಲ್ಲರಿಗೂ ಗೊತ್ತಿತ್ತು. ತಂಗಿ ದೂರದಿಂದಲೇ ನೆಲ ಮುಟ್ಟಿ ನಮಸ್ಕರಿಸಿ, ಕೋಣೆಗೆ ಹೋಗಿಬಿಡುತ್ತಿದ್ದಳು.

ಮೊಬೈಲಿಗೆ ಸಿಗ್ನಲ್ ಹುಡುಕಿಕೊಂಡು ಅಂಗಳದ ಮೂಲೆಗೆ ಹೋಗುತ್ತಿದ್ದ ಕಾಲ ಅದು. ತಂಗಿ ಲೆಫ್ಟಿನೆಂಟ್ ಆದಳು, ದೆಹಲಿಗೆ ವರ್ಗವೂ ಆಯಿತು. ಹೋಗುವ ಮುಂಚೆ ಮನೆಗೆ ಬಂದವಳು ಪೆಟ್ಟಿಗೆಯಿಂದ ಕಡುನೀಲಿ ಕೋಟು ತೆಗೆದಳು. ಕೊಚ್ಚಿಯ ಸೆಕೆಯಲ್ಲಿ ಅದನ್ನು ಹಾಕುವ ಪ್ರಸಂಗವೇ ಬಂದಿರಲಿಲ್ಲವಂತೆ. ಎರಡೂ ತೋಳಿನ ತುದಿಗೆ ಒಂದೊಂದೇ ಬಂಗಾರದ ಪಟ್ಟಿ, ಅದರ ಮೇಲೊಂದು ಪುಟ್ಟ ಸುರುಳಿ. ಲೆಫ್ಟಿನೆಂಟಿಗೆ ಅದರ ಕೆಳಗೆ ಇನ್ನೊಂದು ಪಟ್ಟಿ ಬೇಕು.

"ದೆಹಲಿಯಲ್ಲಿ ಟೈಲರ್ ಹತ್ರ ಹೊಲಿಸ್ಕೋತೀನಿ ಬಿಡು" ಎಂದಳು. ಕೊಪ್ಪದಿಂದ ಕೂಡ ನನ್ನ ಹತ್ತಿರ ರವಿಕೆ ಹೊಲಿಸಲು ಬರುತ್ತಾರೆ. ನನ್ನೆದುರು ಟೈಲರ್ ಮಾತೆ? ಪಟ್ಟಿಗೆಂದು ಅವಳು ತಂದಿದ್ದ ಬಂಗಾರದ ಲೇಸನ್ನು ಅವಳ ಕೈಯಿಂದ ಕಿತ್ತುಕೊಂಡು ನಡುಮನೆಯಲ್ಲಿ ಸೂಜಿ ಹಿಡಿದು ಕೂತೆ.

ಎರಡನೇ ತೋಳು ಮುಗಿಯುವ ಹೊತ್ತಿಗೆ ಅಡುಗೆಮನೆಯ ಹೊಸ್ತಿಲಲ್ಲಿ ಅಜ್ಜಿ ನಿಂತಿದ್ದಳು.

"ಎಂತದೇ ಅದು, ಸೀರೆ ಜರಿಯಾ?"

"ಅಲ್ಲ ಅಜ್ಜಿ, ನಿನ್ನ ಮೊಮ್ಮಗಳ ದರ್ಜೆ. ಮುಂಚೆ ಒಂದಿತ್ತು, ಈಗ ಎರಡಾಯ್ತು."

ಅಜ್ಜಿ ಹೊಸ್ತಿಲಲ್ಲೇ ಬಗ್ಗಿ ನೋಡಿದಳು. "ಬಟ್ಟೆ ಎಂತದ್ದು?"

"ಉಣ್ಣೆ."

"ಉಣ್ಣೆಗೆ ಮೈಲಿಗೆ ಇಲ್ಲ ಮಾರಾಯ್ತಿ. ಇಲ್ಲಿ ಕೊಡು."

ನಿಜವೇ. ಮಡಿಯ ಲೆಕ್ಕದಲ್ಲಿ ತಾಪತ್ರಯವೆಲ್ಲ ಹತ್ತಿಬಟ್ಟೆಗೆ, ರೇಷ್ಮೆಗೂ ಉಣ್ಣೆಗೂ ವಿನಾಯಿತಿ. ಒಳಗಿನ ಅಸ್ತರು ಯಾವುದೆಂದು ಅಜ್ಜಿ ಕೇಳಲಿಲ್ಲ, ನಾನೂ ಬಾಯಿ ಬಿಡಲಿಲ್ಲ. ಪಟ್ಟಿಯ ಮೇಲೆ ಬೆರಳಾಡಿಸಿ, ಸುರುಳಿಯನ್ನು ಸವರಿ, ಕೋಟು ವಾಪಸು ಕೊಟ್ಟಳು.

"ಕೂಸಿಗೆ ಹಾಕ್ಕೊಳ್ಳಕ್ಕೆ ಹೇಳು. ನೋಡ್ತೆ."

ಕೂಸು ಎಂಬ ಮಾತು ಅವಳ ಬಾಯಲ್ಲಿ ಬಂದು ವರ್ಷಗಳೇ ಆಗಿದ್ದವು. ನಾನು ತಂಗಿಯನ್ನು ಕೂಗಿದೆ. ತಂಗಿ ಚೂಡಿದಾರದ ಮೇಲೇ ಕೋಟು ತೊಟ್ಟು ಹೊಸ್ತಿಲಿನಾಚೆ ಅಟೆನ್ಷನ್ನಿನಲ್ಲಿ ನಿಂತಳು. ಅಜ್ಜಿ ಮುಂದೆ ಬಂದು ಎರಡೂ ತೋಳುಗಳನ್ನು ಪಟ್ಟಿಯ ಮೇಲೇ ಹಿಡಿದಳು.

"ಸೊರಗಿದೀಯ. ಅಲ್ಲಿ ಊಟಕ್ಕೆ ಎಂತ ಹಾಕ್ತಾರೆ?"

ತಂಗಿಯ ಕಣ್ಣಲ್ಲಿ ನೀರು. ಅಜ್ಜಿಯ ಕೈ ನಿಧಾನವಾಗಿ ಕೆಳಗೆ ಜಾರಿತು. ಪಟ್ಟಿ ಮುಗಿಯಿತು, ಉಣ್ಣೆಯೂ ಮುಗಿಯಿತು. ಈಗ ಅವಳು ಹಿಡಿದಿದ್ದದ್ದು ತಂಗಿಯ ಬರಿಗೈಗಳನ್ನು.

"ಅಜ್ಜಿ, ಮಡಿ..." ಎಂದಳು ತಂಗಿ ಗಾಬರಿಯಿಂದ.

"ಹಂಡೆಯಲ್ಲಿ ನೀರು ಕಾದಿದೆ. ಇನ್ನೊಂದು ಸಲ ಮಿಂದರಾಯ್ತು" ಎಂದಳು ಅಜ್ಜಿ, ಕೈ ಬಿಡದೆ.