ಡೋವರ್‌ನ ರಾಹುಕಾಲ

ಆ ಸುಳ್ಳು ನನಗೇ ಹೊಳೆಯಿತೋ, ಫೋನಿನಲ್ಲಿದ್ದ ಸೋದರಮಾವ ಹೇಳಿಕೊಟ್ಟರೋ, ಈಗ ಖಚಿತವಿಲ್ಲ. ಇಸವಿಯೂ 2001 ಅಥವಾ 2002 ಇರಬೇಕು. ಹಲಸೂರಿನ ಮನೆಯಲ್ಲಿ ಚಿಕ್ಕಮ್ಮ ಕ್ಯಾಲೆಂಡರಿನ ಮುಂದೆ ಕೈಕಟ್ಟಿ ನಿಂತಿದ್ದದ್ದು ಮಾತ್ರ ನಿಜ.

ಲಂಡನ್ನಿನಲ್ಲಿದ್ದ ಮಾವ ಜೂನ್‌ನಲ್ಲಿ ಮೋಟರ್‌ಹೋಮ್ ಎಂಬ ಮನೆಯಂಥ ವ್ಯಾನ್ ಬಾಡಿಗೆಗೆ ಹಿಡಿದು ತಮ್ಮ ಅಕ್ಕ-ಭಾವನಿಗೆ, ಅಂದರೆ ಚಿಕ್ಕಮ್ಮ-ಚಿಕ್ಕಪ್ಪನಿಗೆ, ಯುರೋಪ್ ತೋರಿಸುವವರಿದ್ದರು. ಗಾಡಿಯನ್ನು ಹಡಗಿಗೆ ಹತ್ತಿಸಿ ಸಮುದ್ರ ದಾಟಬೇಕು. ಇಂಗ್ಲೆಂಡಿನ ಡೋವರ್ ಬಂದರಿನಿಂದ ಫ್ರಾನ್ಸಿಗೆ ಒಂದೂವರೆ ಗಂಟೆ ಸಾಕು. ಆದರೆ ಗಾಡಿಗೆ ಜಾಗವಿದ್ದ ಒಂದೇ ಹಡಗು ಹೊರಡುವುದು ಶುಕ್ರವಾರ ಹನ್ನೊಂದಕ್ಕೆ, ನಡು ರಾಹುಕಾಲದಲ್ಲಿ. ಹಾಲೆಂಡಿನ ಹಡಗಾದರೆ ಏಳು ಗಂಟೆ ನೀರಿನ ಮೇಲೆ. ಹಲಸೂರು ಕೆರೆಯ ದೋಣಿಯನ್ನೇ ಹತ್ತದ ಚಿಕ್ಕಮ್ಮ, ಪ್ರವಾಸವೇ ಬೇಡ ಎಂದುಬಿಟ್ಟರು. ಚಿಕ್ಕಪ್ಪ ಹೊಸ ಸ್ವೆಟರ್ ಹಿಡಿದು ಸಪ್ಪಗೆ ಕೂತರು.

"ಚಿಕ್ಕಮ್ಮ, ರಾಹುಕಾಲ ಲೆಕ್ಕ ಹಾಕೋದು ಆಯಾ ಊರಿನ ಸೂರ್ಯೋದಯದಿಂದ. ಅಲ್ಲಿ ಐದಕ್ಕೆ ಮೊದ್ಲೇ ಬೆಳಗಾಗುತ್ತೆ. ಹತ್ತಕ್ಕೆಲ್ಲ ಮುಗ್ದೋಗಿರುತ್ತೆ," ಎಂದೆ.

"ದೇವರಿಗೆ ಕೈ ಮುಗಿಯಲ್ಲ, ಎಮ್ಮೆಸ್ಸಿ ಓದ್ಕೊಂಡು ನಂಗೆ ಪಂಚಾಂಗ ಹೇಳ್ತೀಯೇನೋ?" ಎಂದು ಗದರಿದರು. ಆಮೇಲೆ ನನ್ನ ಕೈಯಿಂದ ಫೋನ್ ಕಿತ್ತುಕೊಂಡು, "ಹನ್ನೊಂದರದ್ದೇ ಬುಕ್ ಮಾಡೋ," ಎಂದು ತಮ್ಮನಿಗೆ ಹೇಳಿದರು. ಸಮುದ್ರ ದಾಟುವಾಗ ತಲೆ ಕೂಡ ಸುತ್ತಲಿಲ್ಲವಂತೆ.

ಈಚೆಗೆ ಕುತೂಹಲಕ್ಕೆ ಡೋವರ್‌ನ ಜೂನ್ ತಿಂಗಳ ಹಗಲನ್ನು ಶಾಸ್ತ್ರದ ಪ್ರಕಾರ ಎಂಟು ಭಾಗ ಮಾಡಿ ನೋಡಿದೆ. ಸೂರ್ಯೋದಯದ ಮಾತು ಸರಿಯೇ ಇತ್ತು. ಆದರೆ ಅಲ್ಲಿ ಹಗಲು ಹದಿನಾರು ಗಂಟೆಗೂ ಹೆಚ್ಚು. ಹಾಗಾಗಿ ಒಂದೊಂದು ಭಾಗವೂ ಎರಡು ಗಂಟೆ ದಾಟಿ, ನಾಲ್ಕನೆಯ ಭಾಗವಾದ ಶುಕ್ರವಾರದ ರಾಹುಕಾಲ ಹನ್ನೊಂದಕ್ಕೆ ಐದಾರು ನಿಮಿಷ ಮೊದಲು ಹಿಡಿದು ಒಂದರ ಹೊತ್ತಿಗೆ ಬಿಡುತ್ತದೆ. ಚಿಕ್ಕಮ್ಮನ ಹಡಗು ಹೊರಟದ್ದೂ ದಡ ಸೇರಿದ್ದೂ ಅದರೊಳಗೇ.